ಜಪದ ಮೊದಲರ್ಧ

ಲೂರ್ದಕ್ಕನ ಧ್ವನಿ ನಮ್ಮ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಕೇಳುತ್ತಿತ್ತು. ಬೀದಿಯ ಉದ್ದ ನೂರಾ ನಲವತ್ತು ಮೀಟರ್. ಒಳಚರಂಡಿ ಕೆಲಸಕ್ಕೆ ಬಂದವರು ಟೇಪು ಹಿಡಿದು ಅಳೆದಾಗ ನಾನು ಅಲ್ಲೇ ನಿಂತಿದ್ದೆ, ಹಾಗಾಗಿ ಗೊತ್ತು. ತರಕಾರಿ ಗಾಡಿಯವನು ಮೂಲೆ ತಿರುಗಿ ಮರೆಯಾಗಿದ್ದರೂ ಅವರು ಬಾಗಿಲಲ್ಲಿ ನಿಂತು ಒಂದು ಸಲ ಕೂಗಿದರೆ ಸಾಕು, ಗಾಡಿ ಹಿಂದಕ್ಕೆ ಬರುತ್ತಿತ್ತು.

ಬೋರ್ಡಿನಲ್ಲಿ ಸರ್ವಜ್ಞನಗರ ಎಂದಿದ್ದರೂ ನಾವೆಲ್ಲ ಕಾಕ್ಸ್ ಟೌನ್ ಎಂದೇ ಕರೆಯುವ ಆ ಬೀದಿಗೆ ನಾನು ಬಂದದ್ದು ೨೦೦೪ರ ಜೂನ್‌ನಲ್ಲಿ. ಸಿ.ವಿ. ರಾಮನ್ ನಗರದ ಒಂದು ಪ್ರಯೋಗಾಲಯದಲ್ಲಿ ಲೋಹಗಳ ಗಟ್ಟಿತನ ಪರೀಕ್ಷಿಸುವ ಕೆಲಸ ನನ್ನದು. ಮನೆಯ ಒಡತಿ ಶೇಷಮ್ಮ, ಪಕ್ಕದ ಮನೆಯಲ್ಲೇ ವಾಸ. ಮಹಡಿಯ ಎರಡು ಕೋಣೆ ನನಗೆ, ಕೆಳಗಿನ ಎರಡು ಕೋಣೆ ಚೌರಪ್ಪ ಮತ್ತು ಲೂರ್ದಮ್ಮ ದಂಪತಿಗೆ. ಚೌರಪ್ಪಣ್ಣ ಬೈಯಪ್ಪನಹಳ್ಳಿಯ ಕಡೆಯ ಕಾರ್ಖಾನೆಯೊಂದರಲ್ಲಿ ಟ್ರಾನ್ಸ್‌ಫಾರ್ಮರಿನ ಕಾಯಿಲ್ ಸುತ್ತುತ್ತಿದ್ದವರು. ತಾಮ್ರದ ತಂತಿಯನ್ನು ಸಾವಿರಾರು ಸುತ್ತು, ಒಂದರ ಪಕ್ಕ ಒಂದು, ಎಣಿಕೆ ತಪ್ಪದಂತೆ ಸುತ್ತಬೇಕಾದ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ಮೋಟರ್ ರಿಪೇರಿಯ ಅಂಗಡಿಗಳಿಗೆ ಅದೇ ಕೆಲಸ ಮಾಡಿಕೊಡುತ್ತಿದ್ದರು. ಹೆಚ್ಚು ಮಾತಿಲ್ಲ. ಮಾತೆಲ್ಲ ಹೆಂಡತಿಯದು. ಲೂರ್ದಕ್ಕ ಹೊಲಿಗೆಯವರು, ಚರ್ಚಿನಲ್ಲಿ ಮೊದಲ ಪರಮಪ್ರಸಾದಕ್ಕೆ ಹೋಗುವ ಹೆಣ್ಣುಮಕ್ಕಳ ಬಿಳಿ ಗೌನಿಗೆ ಕಾಕ್ಸ್ ಟೌನ್, ಫ್ರೇಜರ್ ಟೌನ್ ಎರಡೂ ಕಡೆಯವರು ಅವರ ಹತ್ತಿರವೇ ಬರುತ್ತಿದ್ದರು. ಮಕ್ಕಳಿರಲಿಲ್ಲ. ಆ ಬಗ್ಗೆ ಅವರು ಒಂದೇ ಸಲ ನನಗೆ ಹೇಳಿದ್ದು: "ವರ್ಷಕ್ಕೆ ಮೂವತ್ತು ಹೆಣ್ಮಕ್ಳಿಗೆ ಗೌನ್ ಹಾಕಿ ಕಳಿಸ್ತೀನಿ ನಂದಿತಮ್ಮ, ಇನ್ನೇನ್ ಬೇಕು."

ಶನಿವಾರ ಬೆಳಿಗ್ಗೆ ಅವರ ಜೊತೆ ರಸೆಲ್ ಮಾರುಕಟ್ಟೆಗೆ ಹೋಗುವುದು ನನಗೆ ಅಭ್ಯಾಸವಾಗಿತ್ತು. ಹೂವಿನವಳ ಹತ್ತಿರ ತಮಿಳು, ಸೊಪ್ಪಿನವನ ಹತ್ತಿರ ಕನ್ನಡ, ಮಾಂಸದ ಅಂಗಡಿಯಲ್ಲಿ ದಖನಿ ಉರ್ದು. "ಕ್ಯಾ ಭಾಯ್, ಯೇ ಬಕ್ರಾ ನಮ್ಮ ತಾತನ ಕ್ಲಾಸ್‌ಮೇಟಾ?" ಎಂದು ಕೇಳಿದರೆ ಅಂಗಡಿಯವನು ನಗುತ್ತ ಒಳಗಿನಿಂದ ಬೇರೆ ತುಂಡು ತರುತ್ತಿದ್ದ. ಡಿಸೆಂಬರ್ ಬಂದರೆ ಇನ್ನೊಂದು ಕೆಲಸ. ಕೇಕಿನ ಹಿಟ್ಟನ್ನು ಮನೆಯಲ್ಲಿ ಕಲಸಿ, ಟಿನ್ನಿನ ಬದಿಯಲ್ಲಿ ಮೊಳೆಯಿಂದ ಹೆಸರು ಗೀಚಿ, ಮೂಲೆಯ ಬೇಕರಿಯ ಸೌದೆ ಒಲೆಗೆ ಒಯ್ಯಬೇಕು. ಬೀದಿಯ ಹತ್ತು ಹದಿನೈದು ಮನೆಯ ಟಿನ್ನುಗಳು ಸಾಲಾಗಿ ಕಾಯುತ್ತಿದ್ದವು, ನಾವೂ ಕಾಯುತ್ತಿದ್ದೆವು. ಸುಟ್ಟ ಸಕ್ಕರೆಯ ವಾಸನೆ ಸ್ವೆಟರಿಗೆ ಅಂಟಿ ಎರಡು ದಿನ ಇರುತ್ತಿತ್ತು. ಈಗ ಅಲ್ಲಿ ಬೇಕರಿ ಇಲ್ಲ. ಫ್ಲ್ಯಾಟಿನವರ ಆರು ಕಾರು ನಿಲ್ಲುವ ಜಾಗ.

ಆ ಮನೆಯ ದಿನ ಮುಗಿಯುತ್ತಿದ್ದದ್ದು ಸಂಜೆ ಏಳಕ್ಕೆ, ಜಪಸರದೊಂದಿಗೆ. ನಾನು ಅವರ ಧರ್ಮದವಳಲ್ಲದಿದ್ದರೂ ಗಾಳಿಗೆಂದು ಬಿಟ್ಟ ತೆರಪಿನಿಂದ ಪ್ರತಿ ಪದವೂ ಮೇಲಕ್ಕೆ ಬರುತ್ತಿದ್ದುದರಿಂದ ಕೆಲವೇ ತಿಂಗಳಲ್ಲಿ ಅದರ ಕ್ರಮ ನನಗೂ ಗೊತ್ತಾಯಿತು. ಮರಿಯಮ್ಮನವರ ಪ್ರಾರ್ಥನೆಯನ್ನು ಐವತ್ತು ಸಲ ಹೇಳುತ್ತಾರೆ, ಹತ್ತು ಮಣಿಗೊಂದು ವಿರಾಮ. ಪ್ರಾರ್ಥನೆಗೆ ಎರಡು ಭಾಗ. "ನಮೋ ಮರಿಯಾ" ಎಂದು ತೊಡಗುವ ಮೊದಲರ್ಧವನ್ನು ಒಬ್ಬರು ನಡೆಸಿಕೊಡಬೇಕು. "ಸಂತ ಮರಿಯಾ" ಎಂಬ ಉಳಿದರ್ಧವನ್ನು ಮಿಕ್ಕವರು ಉತ್ತರವಾಗಿ ಹೇಳಬೇಕು. ಕೆಳಗಿನ ಮನೆಯಲ್ಲಿ ನಡೆಸುವವರು ಯಾವಾಗಲೂ ಲೂರ್ದಕ್ಕ. ಉತ್ತರ ಚೌರಪ್ಪಣ್ಣನದು. ೧೯೮೩ರಲ್ಲಿ ಮದುವೆಯಾದ ವಾರದಿಂದ ಹಾಗೇ ನಡೆದುಬಂದಿತ್ತಂತೆ. ನಡುವೆ ಅವರೇನಾದರೂ ಎಣಿಕೆ ತಪ್ಪಿದರೆ ಲೂರ್ದಕ್ಕ ಪ್ರಾರ್ಥನೆ ನಿಲ್ಲಿಸಿ, "ಕಾಯಿಲ್ ಸುತ್ತುವಾಗ ಮಾತ್ರ ಲೆಕ್ಕ ಬರುತ್ತೆ ಇವ್ರಿಗೆ" ಎಂದು, ಅದೇ ಉಸಿರಿನಲ್ಲಿ ಮುಂದಿನ ಮಣಿಗೆ ಹೋಗುತ್ತಿದ್ದರು.

೨೦೨೨ರ ಫೆಬ್ರವರಿ ಒಂಬತ್ತು, ಬುಧವಾರ. ಬೆಳಿಗ್ಗೆ ಹತ್ತೂಕಾಲಿಗೆ ಲೂರ್ದಕ್ಕ ಬಟ್ಟೆ ಕತ್ತರಿಸುತ್ತಿದ್ದಾಗ ಕತ್ತರಿ ಕೈಯಿಂದ ಜಾರಿತು. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಮನೆಗೆ ಬಂದಾಗ ಬಲಗೈ, ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ; ಮಾತೇ ಹೊರಟುಹೋಗಿತ್ತು. ನಾವು ಹೇಳಿದ್ದು ಅವರಿಗೆ ಬಹುಪಾಲು ಅರ್ಥವಾಗುತ್ತಿತ್ತು. ಉತ್ತರ ಕೊಡಲು ಹೋದರೆ ಬಾಯಿಗೆ ಬರುತ್ತಿದ್ದದ್ದು ಒಂದೇ ಪದ: "ಅದೇ." ಹಸಿವಾದರೂ ಅದೇ, ನೋವಾದರೂ ಅದೇ, ಫ್ಯಾನ್ ಹಾಕಿ ಎನ್ನಲೂ ಅದೇ. ಮೂರು ಭಾಷೆ ಆಡುತ್ತಿದ್ದ ನಾಲಗೆಯ ಮೇಲೆ ಉಳಿದದ್ದು ಅಷ್ಟು.

ಚೌರಪ್ಪಣ್ಣ ಆಗ ಅರವತ್ತೆಂಟರವರು. ಅವರು ಹೆಂಡತಿಯ ಆರೈಕೆಗೆ ಇಳಿದ ರೀತಿಯನ್ನು ನಾನು ಮೆಚ್ಚಿ ನೋಡಿದ್ದೇನೆ. ಗೋಡೆಗೆ ಒಂದು ಹಾಳೆ ಅಂಟಿಸಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬಿಪಿ ಮಾತ್ರೆ, ಕಾಲಿನ ವ್ಯಾಯಾಮ, ಬಿಸಿಲಿಗೆ ಕೂರಿಸುವುದು, ಎಲ್ಲದಕ್ಕೂ ಹೊತ್ತು ಬರೆದಿತ್ತು. ಕಾಯಿಲ್‌ಗೆ ಸುತ್ತುವ ಅಗಲ ಕಾಟನ್ ಟೇಪನ್ನು ನಾಲ್ಕು ಪದರ ಹೊಲಿದು ಲೂರ್ದಕ್ಕನ ಸೊಂಟಕ್ಕೆ ಪಟ್ಟಿ ಮಾಡಿದರು. ಎರಡು ಬದಿಗೆ ಹಿಡಿ. ಆ ಹಿಡಿ ಹಿಡಿದು ಹಾಸಿಗೆಯಿಂದ ಕುರ್ಚಿಗೆ ಎತ್ತುತ್ತಿದ್ದರು.

"ಎಷ್ಟು ಅಂತ ಒಬ್ಬರೇ ಮಾಡ್ತೀರಾ ಅಣ್ಣ?" ಎಂದು ಒಮ್ಮೆ ಕೇಳಿದೆ.

"ಶಕ್ತಿ ಕೊಡಪ್ಪ ಅಂತ ದೇವ್ರನ್ನ ಕೇಳ್ದೆ ಕಣಮ್ಮ" ಎಂದರು. "ಶಕ್ತಿ ಕೊಡ್ಲಿಲ್ಲ. ಟೈಮ್‌ಟೇಬಲ್ ಕೊಟ್ಟ. ಈಗ ಏನ್ ಮಾಡ್ಬೇಕು ಅಂತ ಗೊತ್ತಿದ್ರೆ ಮುಂದೆ ಏನಾಗುತ್ತೋ ಅನ್ನೋ ಯೋಚ್ನೆ ಬರಲ್ಲ."

ಹಾಳೆಯಲ್ಲಿ ಏಳು ಗಂಟೆಯ ಎದುರು ಬರೆದದ್ದು 'ಜಪ' ಎಂದು. ಸಂಜೆ ನಾನು ಕೆಲಸದಿಂದ ಬಂದು ಚಹಾ ಹಿಡಿದು ಕೂತರೆ ಕೆಳಗಿನಿಂದ ಅವರ ದನಿ ಬರುತ್ತಿತ್ತು. "ಸಂತ ಮರಿಯಾ..." ಉತ್ತರದ ಭಾಗ. ಆಮೇಲೆ ಮೌನ. ಮತ್ತೆ "ಸಂತ ಮರಿಯಾ..." ಮತ್ತೆ ಮೌನ. ಮೌನದ ಉದ್ದ ಏಳು ಸೆಕೆಂಡು. ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ. ಆ ಏಳು ಸೆಕೆಂಡಿನಲ್ಲಿ ಲೂರ್ದಕ್ಕ ಮೆಲ್ಲನೆ ತಮ್ಮ ಭಾಗ ಹೇಳಿಕೊಳ್ಳುತ್ತಿದ್ದಾರೆ, ದನಿ ಮೇಲಕ್ಕೆ ಬರುತ್ತಿಲ್ಲ ಅಷ್ಟೇ ಎಂದು ನಾನು ತಿಳಿದಿದ್ದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹಾಗೇ ತಿಳಿದಿದ್ದೆ.

೨೦೨೪ರ ಜೂನ್‌ನಲ್ಲಿ ಒಂದು ಸಂಜೆ ಹಲಸಿನ ತೊಳೆ ಕೊಡಲು ಕೆಳಗಿಳಿದೆ. ಬಾಗಿಲು ತೆರೆದಿತ್ತು. ಲೂರ್ದಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದರು, ತುಟಿ ಅಲುಗುತ್ತಿರಲಿಲ್ಲ. ಚೌರಪ್ಪಣ್ಣ ತಲೆ ತಗ್ಗಿಸಿ, ಮಣಿ ಹಿಡಿದು ಕಾಯುತ್ತಿದ್ದರು. ಒಂದು ಮೊದಲರ್ಧ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಕಾದು, ಆಮೇಲೆ ತಮ್ಮ ಉತ್ತರ ಹೇಳಿದರು. ಮತ್ತೆ ಕಾದರು.

ಮುಗಿದ ಮೇಲೆ ಕೇಳಿದೆ: "ಮೊದಲ ಭಾಗ ನೀವೇ ಹೇಳ್ಬಹುದಲ್ಲ ಅಣ್ಣ?"

"ಅದು ಅವಳ ಪಾಲು. ನಾನ್ ಹೇಳಿದ್ರೆ ಅವಳ ಜಾಗ ತಗೊಂಡಂಗಾಗುತ್ತೆ."

"ಮತ್ತೆ ಅರ್ಧ ಪ್ರಾರ್ಥನೆ ಆಗ್ಲಿಲ್ವಾ?"

"ಅವಳು ಮನಸ್ಸಲ್ಲಿ ಹೇಳ್ಕೋತಾಳೆ." ಹಲಸಿನ ತೊಳೆಯ ಬೀಜ ಬಿಡಿಸಿ, ಸಣ್ಣಗೆ ಹೆಚ್ಚಿ, ಹೆಂಡತಿಯ ಎಡಗೈಗೆ ಕೊಟ್ಟರು. "ಹೇಳ್ಕೋತಾಳೆ ಅಂತ ನಂಬ್ಕೊಂಡಿದೀನಿ. ನಂಬ್ದೆ ಇದ್ರೆ ನಾಳೆ ಬೆಳಿಗ್ಗೆ ಏಳೋಕಾಗಲ್ಲ ನಂಗೆ."

ವಾರಕ್ಕೆರಡು ಸಲ ಮಾತಿನ ಅಭ್ಯಾಸ ಮಾಡಿಸಲು ಫ್ರೇಜರ್ ಟೌನಿನಿಂದ ರಿಮ್ಶಾ ಎಂಬ ಹುಡುಗಿ ಬರುತ್ತಿದ್ದಳು. ಅದೇ ವಿದ್ಯೆ ಓದಿದವಳು, ಚುರುಕು. ನಾನು ಕಂಡದ್ದನ್ನು ಅವಳಿಗೆ ಹೇಳಿದೆ. ಕೇಳಿ ಅವಳ ಕಣ್ಣು ಅರಳಿತು, ಚೌರಪ್ಪಣ್ಣನ ಕಡೆ ತಿರುಗಿದಳು.

"ಅಂಕಲ್, ಇದನ್ನ ಯಾಕ್ ನಂಗೆ ಹೇಳಿಲ್ಲ ನೀವು? ಮೂವತ್ತೊಂಬತ್ತು ವರ್ಷ ದಿನಾ ಐವತ್ತು ಸಲ ಹೇಳಿರೋದು! ಅದು ಒಳಗೆ ಎಲ್ಲಾದ್ರೂ ಇದ್ದೇ ಇರುತ್ತೆ. ನೀವು ಆಂಟಿ ಭಾಗ ಶುರು ಮಾಡಿ, ನಡುವೆ ನಿಲ್ಲಿಸಿ. ಅವ್ರು ಮುಗಿಸ್ತಾರಾ ನೋಡೋಣ."

"ಅದು ಅಭ್ಯಾಸ ಅಲ್ಲಮ್ಮ, ಪ್ರಾರ್ಥನೆ" ಎಂದರು ಚೌರಪ್ಪಣ್ಣ. "ನೀನು ನಿನ್ನ ನಮಾಜ್‌ನ ನಡುವೆ ನಿಲ್ಲಿಸ್ತೀಯಾ?"

ರಿಮ್ಶಾ ತನ್ನ ಚೀಲ ಎತ್ತಿಕೊಂಡಳು. ಹೋಗುವಾಗ ಮೆಟ್ಟಿಲ ಹತ್ತಿರ ನನಗೆ ಹೇಳಿದಳು: "ಹೆದರ್ತಿದಾರೆ. ಶುರು ಮಾಡಿ ಆಂಟಿ ಮುಗಿಸದೆ ಹೋದ್ರೆ, ಮನಸ್ಸಲ್ಲೂ ಹೇಳ್ತಿಲ್ಲ ಅಂತ ಗೊತ್ತಾಗ್ಬಿಡುತ್ತಲ್ಲ."

ಸೆಪ್ಟೆಂಬರ್‌ನಲ್ಲಿ ಚೌರಪ್ಪಣ್ಣನ ಕಿಬ್ಬೊಟ್ಟೆಯಲ್ಲಿ ಗಂಟು ಕಾಣಿಸಿತು. ಹರ್ನಿಯ. ಆಪರೇಷನ್ ಆಗಲೇಬೇಕು, ಅಲ್ಲಿಯವರೆಗೆ ಐದು ಕೆ.ಜಿ.ಗಿಂತ ಹೆಚ್ಚು ಎತ್ತಬಾರದು ಎಂದರು ಡಾಕ್ಟರು. ಲೂರ್ದಕ್ಕನ ತೂಕ ಐವತ್ನಾಲ್ಕು ಕೆ.ಜಿ. ಅಂದಿನಿಂದ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು, ಸಂಜೆ ಬಂದ ಮೇಲೆ ನಾನೂ ಶೇಷಮ್ಮನೂ ಆ ಪಟ್ಟಿ ಹಿಡಿದೆವು. ನಡುವಿನ ಹೊತ್ತಿನಲ್ಲಿ ಅವರು ಕದ್ದು ಎತ್ತುತ್ತಿದ್ದರೆಂದು ನಮಗೆ ಗೊತ್ತಿತ್ತು.

ಲೂರ್ದಕ್ಕನ ತಮ್ಮ ಇನ್ನಾಸಪ್ಪ ಕೆ.ಆರ್. ಪುರದವನು, ಓಮ್ನಿ ವ್ಯಾನ್ ಇಟ್ಟುಕೊಂಡು ಹೂವಿನ ಅಲಂಕಾರದ ಕೆಲಸ ಮಾಡುವವನು. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ನೇರವಾಗಿ ಬಂದ. ಪಟ್ಟಿ ಹಿಡಿಯಲು ನಾನು ಆಗ ಕೆಳಗೇ ಇದ್ದೆ. ಕೆ.ಆರ್. ಪುರದಾಚೆ ಕನ್ಯಾಸ್ತ್ರೀಯರು ನಡೆಸುವ ಆಶ್ರಮವೊಂದಿದೆ, ಅಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ ಎಂದ.

"ಭಾವ, ಕೈ ಮುಗೀತೀನಿ. ಅಕ್ಕನ್ನ ಅಲ್ಲಿ ಬಿಡೋಣ. ಸಿಸ್ಟರ್‌ಗಳು ಚಿನ್ನದಂಗೆ ನೋಡ್ಕೋತಾರೆ. ಅಕ್ಟೋಬರ್ ಮೂವತ್ತೊಂದರ ತನಕ ನಮಗೋಸ್ಕರ ಹಿಡ್ಕೊಂಡಿರ್ತೀವಿ ಅಂದಿದಾರೆ."

"ಬಿಡೋದು ಅಂದ್ರೆ, ಕೊನೇ ತನಕಾನಾ?" ಎಂದರು ಚೌರಪ್ಪಣ್ಣ.

"ಹೂಂ. ಕೊನೇ ತನಕ." ಎಂದ ಇನ್ನಾಸಪ್ಪ. "ನೀವೂ ಬಿದ್ದೋದ್ರೆ ನಾನು ಇಬ್ರನ್ನ ಹೆಂಗ್ ಎತ್ಲಿ ಭಾವ?"

ಚೌರಪ್ಪಣ್ಣ ಗೋಡೆಯ ಹಾಳೆ ನೋಡಿದರು. ಆಗಲ್ಲ ಎನ್ನಲಿಲ್ಲ. ತಿಂಗಳ ಕೊನೆಗೆ ಹೇಳ್ತೀನಿ ಎಂದರು. ಅವರು ಇಲ್ಲ ಎನ್ನದಿದ್ದದ್ದು ನನಗೆ ಎದೆಗೆ ಹೊಡೆದಂತಾಯಿತು, ಏಕೆಂದರೆ ಇಲ್ಲ ಎನ್ನಲು ಅವರ ಬಳಿ ಕಾರಣವೇನೂ ಉಳಿದಿರಲಿಲ್ಲ.

ಅಕ್ಟೋಬರ್ ಅವರಲ್ಲಿ ಜಪಸರದ ತಿಂಗಳು. ಮರಿಯಮ್ಮನವರ ಪ್ರತಿಮೆ ಪ್ರತಿ ಸಂಜೆ ಒಂದು ಮನೆಗೆ ಬರುತ್ತದೆ, ಬೀದಿಯವರೆಲ್ಲ ಸೇರುತ್ತಾರೆ, ಆ ಮನೆಯವರು ಜಪ ನಡೆಸಿಕೊಡಬೇಕು. ಹಿಂದೆ ಲೂರ್ದಕ್ಕನ ಮನೆಯ ಸರದಿ ಬಂದರೆ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಜಪ ಮುಗಿದರೆ ಕಡಲೆ ಉಸಲಿ, ಕಾಫಿ, ಲೂರ್ದಕ್ಕನ ಮಾತು. ೨೦೨೨ರಿಂದ ಚೌರಪ್ಪಣ್ಣ ಪಟ್ಟಿಯಿಂದ ಹೆಸರು ತೆಗೆಸಿದ್ದರು. ೨೦೨೪ರಲ್ಲಿ ಚರ್ಚಿನವರು ಹೆಸರು ಬರೆದುಕೊಳ್ಳಲು ಬಂದಾಗ ಶೇಷಮ್ಮ ಹೊರಗೆ ಸೇವಂತಿಗೆ ಕಟ್ಟುತ್ತ ಕೂತಿದ್ದರು. ಅವರು ಹೆಣ್ಣೂರು ಕಡೆಯ ಹಳೆಯ ಒಕ್ಕಲು ಮನೆತನದವರು, ಮನೆದೇವರು ಮುನೇಶ್ವರ.

"ಚೌರಪ್ಪನ ಮನೆ ಬರ್ಕೊಳಿ" ಎಂದರು.

"ಅವ್ರು ಬೇಡ ಅಂದಿದಾರಮ್ಮ."

"ಮನೆ ಓನರ್ ನಾನು. ನಾನ್ ಹೇಳ್ತಿದೀನಿ, ಬರ್ಕೊಳಿ. ಆ ಮರಿಯಮ್ಮ ನಮ್ಮನೇಗೆ ಬಂದು ಮೂರು ವರ್ಷ ಆಯ್ತು, ನಮ್ ಲೂರ್ದಮ್ಮ ಬೈಯೋದನ್ನ ಕೇಳದೆ ಆ ಯಮ್ಮಂಗೂ ಬೇಜಾರಾಗಿರುತ್ತೆ."

ಹದಿನೇಳನೇ ತಾರೀಕು, ಗುರುವಾರ ಎಂದು ನಿಗದಿಯಾಯಿತು. ಚೌರಪ್ಪಣ್ಣ ಶೇಷಮ್ಮನ ಮೇಲೆ ಸಿಟ್ಟು ಮಾಡಿದರು. ಆದರೆ ಹಿಂದಿನ ದಿನ ಗೋಡೆಯ ಮೂಲೆಯ ಬಲೆ ಹೊಡೆದರು, ಹೆಂಡತಿಯ ಹಸಿರು ಸೀರೆಗೆ ಇಸ್ತ್ರಿ ಮಾಡಿದರು. ಸೀರೆ ಉಡಿಸಿದ್ದು ನಾನು. ಬಲಗೈಯನ್ನು ರವಿಕೆಯ ತೋಳಿಗೆ ಹಾಕುವಾಗ ಲೂರ್ದಕ್ಕ ನನ್ನ ಕೆನ್ನೆ ತಟ್ಟಿದರು. "ಅದೇ" ಎಂದರು.

ಆ ಸಂಜೆ ಕೋಣೆಯಲ್ಲಿ ಹತ್ತೊಂಬತ್ತು ಜನ, ಮೆಟ್ಟಿಲ ಮೇಲೆ ಇನ್ನೂ ಕೆಲವರು. ಪ್ರತಿಮೆ ಮೇಜಿನ ಮೇಲೆ, ಶೇಷಮ್ಮನ ಸೇವಂತಿಗೆಯ ನಡುವೆ. ಬಂದವರೊಬ್ಬರು ಮೆತ್ತಗೆ, "ನಾನೇ ನಡೆಸ್ಲಾ ಚೌರಪ್ಪ?" ಎಂದು ಕೇಳಿದರು. ಚೌರಪ್ಪಣ್ಣ ಬೇಡವೆಂದು ತಲೆಯಾಡಿಸಿ ಮಂಡಿಯೂರಿದರು. ಹೊಟ್ಟೆಯ ಗಂಟಿಗೆ ಒಂದು ಕೈ ಒತ್ತಿ ಹಿಡಿದಿದ್ದರು. ಇಷ್ಟು ಜನರೆದುರು ಏಳೇಳು ಸೆಕೆಂಡು ಸುಮ್ಮನೆ ಕಾಯುವಂತಿರಲಿಲ್ಲ. ನಲವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವರು ಹೆಂಡತಿಯ ಭಾಗವನ್ನು ಬಾಯಲ್ಲಿ ಹೇಳಿದರು. "ನಮೋ ಮರಿಯಾ..."

ಮೊದಲ ಮಣಿ ದಾಟಿತು. ಎರಡನೆಯದು ದಾಟಿತು. ಮೂರನೆಯದರಲ್ಲಿ ತಪ್ಪಿದರು. ನಾಲ್ಕು ಪದ ಹೇಳಿದ್ದೇ, ನಾಲಗೆ ತನ್ನ ಹಳೆಯ ಹಾದಿಗೆ ಜಾರಿ "ಸಂತ ಮರಿಯಾ" ಎಂದುಬಿಟ್ಟಿತು. ಉತ್ತರ ಕೊಡಬೇಕಾದವರು ಗೊಂದಲಗೊಂಡು ಸುಮ್ಮನಾದರು. ಚೌರಪ್ಪಣ್ಣ ಮತ್ತೆ ಶುರು ಮಾಡಿ, ಮತ್ತೆ ಅದೇ ಜಾಗದಲ್ಲಿ ತಪ್ಪಿದರು. ಕಿವಿ ಕೆಂಪಾಯಿತು.

ಆಗ ಕುರ್ಚಿಯಿಂದ ಆ ಧ್ವನಿ ಬಂತು. ಮೊದಲ ಪದ ಒಡೆದಿತ್ತು, ಎರಡನೆಯದರಿಂದ ಸ್ಪಷ್ಟ. ಲೂರ್ದಕ್ಕ, ಹುಬ್ಬು ಗಂಟಿಕ್ಕಿ, ಎಣಿಕೆ ತಪ್ಪಿದ ಗಂಡನನ್ನು ನೋಡುವ ಅದೇ ನೋಟದಲ್ಲಿ ನೋಡುತ್ತ, ಮೊದಲರ್ಧವನ್ನು ಶುರುವಿನಿಂದ ಕೊನೆಯವರೆಗೆ ಹೇಳಿದರು. ಒಂದು ಪದ ಬಿಡಲಿಲ್ಲ. ಹೇಳಿ ನಿಲ್ಲಿಸಿದರು. ಉತ್ತರಕ್ಕಾಗಿ ಕಾದರು.

ಯಾರೂ ಉತ್ತರಿಸಲಿಲ್ಲ. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು. ಚೌರಪ್ಪಣ್ಣ ಒಬ್ಬರೇ, ಬಿಕ್ಕುತ್ತ, "ಸಂತ ಮರಿಯಾ" ಎಂದು ತಮ್ಮ ಪಾಲು ಹೇಳಿ ಮುಗಿಸಿದರು. ಲೂರ್ದಕ್ಕ ಮುಂದಿನ ಮಣಿಗೆ ಹೋದರು. ಅದರ ಮುಂದಿನದಕ್ಕೆ. ಹತ್ತು ಮಣಿ ಮುಗಿದು ಬೇರೆ ಪ್ರಾರ್ಥನೆ ಬಂದಾಗ ಮಾತ್ರ ನಿಂತುಹೋದರು. ಆದರೆ ಪ್ರತಿ ಹತ್ತರ ಆರಂಭಕ್ಕೆ ಚೌರಪ್ಪಣ್ಣ ಮೊದಲ ಪದ ಎತ್ತಿಕೊಟ್ಟರೆ ಮಿಕ್ಕಿದ್ದನ್ನು ಅವರು ನಡೆಸಿದರು. ಐದು ಹತ್ತೂ ಮುಗಿಯಿತು.

"ಪವಾಡ!" ಎಂದರು ಯಾರೋ. ಶೇಷಮ್ಮ ಪ್ರತಿಮೆಗೂ ಲೂರ್ದಕ್ಕನಿಗೂ ಒಂದೇ ಸಲಕ್ಕೆ ಕೈಮುಗಿದರು. ಚೌರಪ್ಪಣ್ಣ ಹೆಂಡತಿಯ ಮುಂದೆ ಕೂತು ಕೇಳಿದರು:

"ಲೂರ್ದು, ನೀರು ಬೇಕಾ?"

ಕೋಣೆಯೆಲ್ಲ ಕಿವಿಯಾಯಿತು.

"ಅದೇ" ಎಂದರು ಲೂರ್ದಕ್ಕ.

ಚೌರಪ್ಪಣ್ಣನ ಮುಖ ಒಂದು ಕ್ಷಣ ಬಾಡಿದ್ದನ್ನು ನಾನು ಕಂಡೆ. ಎದ್ದು ಹೋಗಿ ನೀರು ತಂದು ಕುಡಿಸಿದರು.

ಮರುದಿನ ರಿಮ್ಶಾ ವಿವರಿಸಿದಳು. ಯೋಚಿಸಿ ಆಡುವ ಮಾತು ಬೇರೆ, ಬಾಯಿಪಾಠವಾಗಿ ಬರುವ ಮಾತು ಬೇರೆ. ಎರಡನ್ನೂ ಮಿದುಳು ಒಂದೇ ರೀತಿ ನಡೆಸುವುದಿಲ್ಲ. ಪೆಟ್ಟು ಬಿದ್ದದ್ದು ಮೊದಲನೆಯದಕ್ಕೆ. ಹಾಗಾಗಿ ಆಂಟಿ ಜಪ ಹೇಳಬಲ್ಲರು, ನೀರು ಕೇಳಲಾರರು. ನೀರು ಕೇಳುವಂತಾದೀತೆಂದು ತಾನು ಭರವಸೆ ಕೊಡಲಾರೆ. "ಬೇಜಾರ್ ಮಾಡ್ಕೋಬೇಡಿ ಅಂಕಲ್. ಇದು ಪವಾಡ ಅಲ್ಲ."

"ಪವಾಡ ಅಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲಮ್ಮ" ಎಂದರು ಚೌರಪ್ಪಣ್ಣ. "ಪವಾಡ ಒಂದ್ಸಲ ಆಗಿ ಹೋಗುತ್ತೆ. ಇದು ದಿನಾ ಏಳು ಗಂಟೆಗೆ ಆಗುತ್ತೆ."

ಹಾಗೇ ಆಯಿತು. ತೆರಪಿನಿಂದ ಎರಡು ದನಿ ಮೇಲಕ್ಕೆ ಬರತೊಡಗಿದವು. ಏಳು ಸೆಕೆಂಡು ತುಂಬಿತು. ಚಹಾ ಆರಿದರೂ ನಾನು ಕೇಳುತ್ತ ಕೂರುತ್ತಿದ್ದೆ.

ಆದರೆ ಹರ್ನಿಯ ಹಾಗೇ ಇತ್ತು, ಅಕ್ಟೋಬರ್ ಮೂವತ್ತೊಂದೂ ಹಾಗೇ ಇತ್ತು. ತಿಂಗಳ ಕೊನೆಗೆ ಅವರು ಇನ್ನಾಸಪ್ಪನಿಗೆ ಹೇಳಿದ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ತಮ್ಮ ಆಪರೇಷನ್ ಆಗಿ ಗಾಯ ಮಾಯುವವರೆಗೆ, ನಾಲ್ಕು ವಾರ ಮಾತ್ರ ಬಿಡುತ್ತೇನೆ ಎಂದರು. ಹಾಸಿಗೆ ಕೊಟ್ಟ ಸಿಸ್ಟರ್ ಒಪ್ಪಿದರು. ಇನ್ನಾಸಪ್ಪ ನನ್ನ ಬಳಿ ಬಂದು, "ಒಂದ್ಸಲ ಅಲ್ಲಿ ಹೊಂದ್ಕೊಂಡ್ರೆ ಭಾವನೇ ಬಿಟ್ಬಿಡ್ತಾರೆ ನೋಡಿ ನಂದಿತಕ್ಕ" ಎಂದ. ಅದರಲ್ಲಿ ಕೆಡುಕಿರಲಿಲ್ಲ. ಅವನು ದಣಿದಿದ್ದ ಭಾವನನ್ನು ಉಳಿಸಿಕೊಳ್ಳಲು ನೋಡುತ್ತಿದ್ದ.

ನವೆಂಬರ್ ನಾಲ್ಕರಂದು ಲೂರ್ದಕ್ಕ ಓಮ್ನಿಯಲ್ಲಿ ಹೋದರು. ಮುಂದಿನ ದಿನಗಳಲ್ಲಿ ಚೌರಪ್ಪಣ್ಣ ಹೊಲಿಗೆ ಹಾಕಿದ ಹೊಟ್ಟೆ ಹಿಡಿದು ಮಲಗಿರುತ್ತಿದ್ದರು. ಏಳು ಗಂಟೆಗೆ ಕೆಳಗಿನಿಂದ ಏನೂ ಕೇಳುತ್ತಿರಲಿಲ್ಲ. ಉತ್ತರದ ಭಾಗವೂ ಇಲ್ಲ. ಒಮ್ಮೆ ಗಂಜಿ ಒಯ್ದಾಗ ಕೇಳಿದ್ದಕ್ಕೆ, "ಅವಳು ಅಲ್ಲಿ ಹೇಳ್ತಿರ್ತಾಳೆ. ನಾನು ಇಲ್ಲಿಂದ ಮನಸ್ಸಲ್ಲೇ ಉತ್ತರ ಕೊಡ್ತಿರ್ತೀನಿ" ಎಂದರು. ನಕ್ಕರೆ ಹೊಲಿಗೆ ನೋಯುತ್ತಿದ್ದುದರಿಂದ ನಗಲಿಲ್ಲ.

ನವೆಂಬರ್ ಮೂವತ್ತು, ಶನಿವಾರ, ಕರೆತರಲು ಹೋದೆವು. ಇನ್ನಾಸಪ್ಪ ವ್ಯಾನ್ ಓಡಿಸಿದ, ನಾನೂ ಜೊತೆಗಿದ್ದೆ. ಟಿನ್ ಫ್ಯಾಕ್ಟರಿಯ ಹತ್ತಿರ ಟ್ರಾಫಿಕ್‌ನಲ್ಲಿ ನಲವತ್ತು ನಿಮಿಷ ನಿಂತೆವು. ಆಶ್ರಮ ಮುಟ್ಟಿದಾಗ ಹನ್ನೊಂದು ದಾಟಿತ್ತು. ಸಣ್ಣ ಪ್ರಾರ್ಥನಾ ಕೋಣೆಯಿಂದ ಆ ಧ್ವನಿ ಅಂಗಳದವರೆಗೆ ಕೇಳುತ್ತಿತ್ತು.

ಬಾಗಿಲಲ್ಲಿ ನಿಂತು ನೋಡಿದೆವು. ಇಪ್ಪತ್ತೆರಡು ಮಂದಿ ಹೆಂಗಸರು, ಹಲವರು ಗಾಲಿಕುರ್ಚಿಯಲ್ಲಿ. ಮುಂದೆ ಲೂರ್ದಕ್ಕ. ತಲೆ ಎಣ್ಣೆ ಹಾಕಿ ಬಾಚಿತ್ತು, ಕೆನ್ನೆ ತುಂಬಿತ್ತು. ಅವರು ಮೊದಲರ್ಧ ಹೇಳುತ್ತಿದ್ದರು. ಇಪ್ಪತ್ತೆರಡು ದನಿ ಉತ್ತರ ಕೊಡುತ್ತಿತ್ತು.

ಸಿಸ್ಟರ್ ಪಿಸುಗುಟ್ಟಿದರು: "ಬಂದ ಮೂರನೇ ದಿನ ನಾನು ಮೊದಲ ಪದ ಎತ್ತಿಕೊಟ್ಟೆ, ಶುರು ಮಾಡಿದ್ರು. ಈಗ ಬೇರೆಯವ್ರು ನಡೆಸಿದ್ರೆ ನಮ್ಮಜ್ಜಿಯರು ಒಪ್ಪಲ್ಲ. ಚೌರಪ್ಪನವರೇ, ಯೋಚ್ನೆ ಮಾಡಿ. ಹಾಸಿಗೆ ಇನ್ನೂ ಇದೆ."

ಚೌರಪ್ಪಣ್ಣ ಒಳಗೆ ಕಾಲಿಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವರ ಕೈಲಿ ಹೆಂಡತಿಗೆಂದು ತಂದ ಸ್ವೆಟರಿನ ಚೀಲ. ಆಮೇಲೆ ನನ್ನ ಕಡೆ ತಿರುಗಿದರು.

"ನಂದಿತಮ್ಮ, ಮನೇಲಿ ಅವಳಿಗೆ ಉತ್ತರ ಕೊಡೋಕೆ ನಾನೊಬ್ನೇ. ಇಲ್ಲಿ ಇಷ್ಟು ಜನ. ಕರ್ಕೊಂಡ್ ಹೋದ್ರೆ ನಾನು ತಪ್ಪು ಮಾಡ್ದಂಗಾ?"

"ಅವ್ರನ್ನೇ ಕೇಳಿ ಅಣ್ಣ" ಎಂದೆ. "ರಿಮ್ಶಾ ಹೇಳ್ಕೊಟ್ಟಂಗೆ, ಒಂದೊಂದೇ ಪ್ರಶ್ನೆ."

ಜಪ ಮುಗಿಯಿತು. ಚೌರಪ್ಪಣ್ಣ ಹೋಗಿ ಎದುರಿಗೆ ಕೂತರು. ಲೂರ್ದಕ್ಕ ಎಡಗೈಯಿಂದ ಅವರ ಮುಖ, ಭುಜ, ಆಮೇಲೆ ಹೊಟ್ಟೆ ಮುಟ್ಟಿ ನೋಡಿದರು. "ವಾಸಿ ಆಯ್ತು ಕಣೆ" ಎಂದರು ಅವರು. "ಈಗ ಕೇಳಿಸ್ಕೋ. ಹೌದು ಅಂದ್ರೆ ಕೈ ಎತ್ತು. ನಮ್ಮನೇಗೆ ಬರ್ತೀಯಾ?"

ಎಡಗೈ ತಕ್ಷಣ ಮೇಲೆ ಹೋಯಿತು. ಇನ್ನಾಸಪ್ಪ ನಿಟ್ಟುಸಿರು ಬಿಟ್ಟ.

ಅಲ್ಲಿಗೇ ನಿಲ್ಲಿಸಿ ಎದ್ದಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ. ಎರಡನೆಯದನ್ನೂ ಕೇಳಿದರು, ಕೇಳುವಾಗ ದನಿ ಇಳಿದಿತ್ತು: "ಇಲ್ಲಿ ಇವ್ರ ಜೊತೆ ಜಪ ನಡೆಸ್ಕೊಂಡು ಇರ್ತೀಯಾ?"

ಲೂರ್ದಕ್ಕ ಹಿಂದೆ ಸಾಲಾಗಿ ಕೂತವರನ್ನು ತಿರುಗಿ ನೋಡಿದರು. ಕೈ ಮತ್ತೆ ಮೇಲೆ ಹೋಯಿತು, ಮೊದಲಿನಷ್ಟೇ ಎತ್ತರಕ್ಕೆ.

ಇನ್ನಾಸಪ್ಪನೇ ಮೊದಲು ನಕ್ಕಿದ್ದು. "ಭಾವ, ಅಕ್ಕಂಗೆ ಎರಡೂ ಬೇಕಂತೆ!"

"ಇವಳಿಗೆ ಯಾವತ್ತು ಒಂದು ಸಾಕಾಗಿದೆ?" ಎಂದರು ಚೌರಪ್ಪಣ್ಣ. ಕಣ್ಣೊರೆಸಿಕೊಂಡು ಸಿಸ್ಟರ್ ಕಡೆ ನೋಡಿದರು. "ಹಾಸಿಗೆ ಬೇರೆ ಯಾರಿಗಾದ್ರೂ ಕೊಡಿ ಸಿಸ್ಟರ್. ಜಪಕ್ಕೆ ಮಾತ್ರ ವಾರಕ್ಕೊಂದಿನ ಕರ್ಕೊಂಡ್ ಬರ್ತೀನಿ."

"ಕರ್ಕೊಂಡ್ ಬರೋದು ಯಾರು, ನೀವಾ? ಹೊತ್ಕೊಂಡಾ?" ಎಂದ ಇನ್ನಾಸಪ್ಪ. "ಬುಧವಾರ ನಂಗೆ ಕೆಲಸ ಕಡ್ಮೆ. ಒಂಬತ್ತೂವರೆಗೆ ರೆಡಿ ಇರಿ. ಲೇಟ್ ಮಾಡಿದ್ರೆ ಬಿಟ್ಬಿಟ್ ಹೋಗ್ತೀನಿ."

ಆ ದಿನವೇ ಗೋಡೆಯ ಹಾಳೆ ಬದಲಾಯಿತು. ಹೊಸ ಹಾಳೆಯಲ್ಲಿ ಎತ್ತುವ ಕೆಲಸಗಳ ಎದುರು ಚೌರಪ್ಪಣ್ಣನ ಹೆಸರಿಲ್ಲ. ಬೆಳಿಗ್ಗೆ ನಾನು, ಮಧ್ಯಾಹ್ನ ಶೇಷಮ್ಮ ಮತ್ತು ಅವರ ಸೊಸೆ, ಸಂಜೆ ಮತ್ತೆ ನಾನು. ಇನ್ನೊಬ್ಬರ ಕೈ ಬೇಡುವುದನ್ನು ಆ ಮನುಷ್ಯ ಎರಡೂಮುಕ್ಕಾಲು ವರ್ಷ ತಡೆದಿಟ್ಟಿದ್ದರು. ಹೆಸರು ಬರೆಯುವಾಗ, "ದೇವ್ರು ಮೊದ್ಲೇ ಕಳ್ಸಿದ್ದ ಅನ್ಸುತ್ತೆ ನಿಮ್ಮನ್ನೆಲ್ಲ. ನಾನೇ ಬಾಗ್ಲು ತೆಗೀಲಿಲ್ಲ" ಎಂದರು.

"ಬಾಗ್ಲು ನಂದೇ ಕಣಯ್ಯ, ಮನೆ ನಂದು" ಎಂದರು ಶೇಷಮ್ಮ.

ಇದೆಲ್ಲ ಆಗಿ ಒಂದು ವರ್ಷ ದಾಟಿತು. ಲೂರ್ದಕ್ಕ ಈಗಲೂ ನೀರು ಕೇಳಲಾರರು. ಕೋಲು ಹಿಡಿದು ಏಳೆಂಟು ಹೆಜ್ಜೆ ಹಾಕುತ್ತಾರೆ. ಹೋದ ಬುಧವಾರ ರಜೆ ಹಾಕಿ ನಾನೂ ವ್ಯಾನಿನಲ್ಲಿ ಹೋಗಿದ್ದೆ. ಮಳೆ, ಮೆಟ್ರೋ ಕೆಲಸ, ಎಲ್ಲ ಸೇರಿ ಒಂದು ಗಂಟೆ ತಡವಾಯಿತು. ದಾರಿಯಲ್ಲಿ ಸಿಸ್ಟರ್ ಎರಡು ಸಲ ಫೋನ್ ಮಾಡಿದರು: ಅಜ್ಜಿಯರು ಊಟಕ್ಕೇಳುತ್ತಿಲ್ಲ, ಜಪ ಆಗದೆ ಏಳುವುದಿಲ್ಲ ಎನ್ನುತ್ತಿದ್ದಾರೆ.

"ನೋಡಿದ್ರಾ" ಎಂದರು ಚೌರಪ್ಪಣ್ಣ ನನಗೆ, ಮುಖದ ಮೇಲಿನ ಹೆಮ್ಮೆಯನ್ನು ಅಡಗಿಸದೆ. "ನನ್ ಮಾತು ನಮ್ಮನೇ ಬೆಕ್ಕೂ ಕೇಳಲ್ಲ. ಇವಳಿಗೋಸ್ಕರ ಇಪ್ಪತ್ತು ಜನ ಊಟ ಬಿಟ್ಟು ಕೂತಿದಾರೆ."

ಪ್ರಾರ್ಥನಾ ಕೋಣೆಯಲ್ಲಿ ಗಾಲಿಕುರ್ಚಿಯನ್ನು ಮುಂದಕ್ಕೆ ತಳ್ಳಿ, ಅವರು ಬ್ರೇಕ್ ಹಾಕಲು ಬಗ್ಗಿದರು. ಬ್ರೇಕ್ ಬೀಳುವ ಮೊದಲೇ ಲೂರ್ದಕ್ಕ ಶುರು ಮಾಡಿಬಿಟ್ಟಿದ್ದರು. ಮೊದಲ ಪದವನ್ನು ಯಾರೂ ಎತ್ತಿಕೊಟ್ಟಿರಲಿಲ್ಲ. ಚೌರಪ್ಪಣ್ಣ ಬಗ್ಗಿದ್ದಲ್ಲಿಂದಲೇ ಉತ್ತರ ಹೇಳುತ್ತ, ಹಿಂದಿನ ಬೆಂಚಿಗೆ ಬಂದು ಕೂತರು.